ನಮ್ಮ ಗೋಡೌನು ಆಧುನಿಕವಾದ ಬಗೆ

ಮೂಟೆಗಳ ಮಧ್ಯೆ ನೌಕರಿ ಮುಗಿಸಿದವನಿಗೆ ನಗುವಂಥದ್ದು ಏನು ಸಿಕ್ಕೀತು ಅಂತ ಕೇಳುವವರಿದ್ದಾರೆ. ಅವರು ಗೋಡೌನಿಗೆ ಹೊಸ ಯಂತ್ರ ಬಂದ ದಿನ ಅಲ್ಲಿ ನಿಂತು ನೋಡಿಲ್ಲ, ಅಷ್ಟೇ. ನಮ್ಮಲ್ಲಿಗೆ ವರ್ಷಕ್ಕೊಂದು ಯಂತ್ರ ಬರುತ್ತಿತ್ತು, ಯಂತ್ರದ ಹಿಂದೆ ಒಂದು ಪ್ರಸಂಗ ಬರುತ್ತಿತ್ತು. ಯಂತ್ರಗಳೆಲ್ಲ ತುಕ್ಕು ಹಿಡಿದವು. ಪ್ರಸಂಗಗಳು ಮಾತ್ರ ಚೆನ್ನಾಗಿವೆ.

ಎಪ್ಪತ್ತರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ ನಾನು ಕಡೂರಿನಲ್ಲಿ, ರೈತರ ದವಸ ಇಟ್ಟುಕೊಡುವ ಸರ್ಕಾರಿ ಗೋಡೌನಿಗೆ ಕೀಪರ್ ಆಗಿದ್ದೆ. ತರೀಕೆರೆ ಮತ್ತು ಅಜ್ಜಂಪುರದಲ್ಲಿ ನಮ್ಮದೇ ಚಿಕ್ಕ ಗೋಡೌನುಗಳಿದ್ದವು. ಅಲ್ಲಿ ಸರಕು ಜಾಸ್ತಿಯಾದಾಗ ನಾನೂ ನಮ್ಮ ಹಮಾಲರೂ ಬಸ್ಸೋ ರೈಲೋ ಹಿಡಿದು ಹೋಗುತ್ತಿದ್ದೆವು. ಹಮಾಲರಿಗೆ ಒಬ್ಬರು ಮೇಸ್ತ್ರಿ. ಕಡೂರು ಪೇಟೆಯ ಹಳೇ ಸಾಬರ ಮನೆತನದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಮನೆಯಲ್ಲಿ ದಖನಿ, ಮೂಟೆಯ ಹತ್ತಿರ ಕನ್ನಡ, ಮೇಲಧಿಕಾರಿಗಳ ಹತ್ತಿರ ಮೌನ. ಓದು ಬರಹ ಇರಲಿಲ್ಲ. ಆದ್ದರಿಂದ ಗೋಡೌನಿನ ಲೆಕ್ಕವೆಲ್ಲ ಅವರ ತಲೆಯಲ್ಲೇ ಇತ್ತು.

ಇನ್ನೊಬ್ಬರು ಆಧುನೀಕರಣದ ಸಾಹೇಬರು. ಹೆಡ್ಡಾಫೀಸಿನವರು ನಮ್ಮನ್ನು ಸುಧಾರಿಸಲೆಂದೇ ನೇಮಿಸಿದ್ದ ಎಂಜಿನಿಯರು. ಎಳೆ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಸ್ಟಾಪ್‌ವಾಚು. ಒಳ್ಳೆಯ ಮನುಷ್ಯ. ಆದರೆ ಅವರು ಓದಿದ ಪುಸ್ತಕದಲ್ಲಿದ್ದ ಗೋಡೌನಿನ ನೆಲ ಸಮನಾಗಿತ್ತು, ಕರೆಂಟು ಇತ್ತು, ಸೂರು ಸೋರುತ್ತಿರಲಿಲ್ಲ.

೧. ಕೈಗಾಡಿ

ಮೊದಲು ಬಂದದ್ದು ತಳ್ಳುವ ಕೈಗಾಡಿ. ಹಸಿರು ಬಣ್ಣ, ನಾಲ್ಕು ಪುಟಾಣಿ ರಬ್ಬರ್ ಚಕ್ರ, ಹಿಡಿಯೋಕೆ ಕಬ್ಬಿಣದ ಕಂಬಿ. ಹಮಾಲರನ್ನೆಲ್ಲ ಸಾಲಾಗಿ ನಿಲ್ಲಿಸಿ ಸಾಹೇಬರು ಹೇಳಿದರು: "ಇನ್ನು ಮೇಲೆ ಮನುಷ್ಯ ಮೂಟೆ ಹೊರಬೇಕಾಗಿಲ್ಲ. ಚಕ್ರ ಹೊರುತ್ತೆ."

ಹಮಾಲರಿಗೆ ಸಂತೋಷವೇ ಆಯಿತು. ಬೆನ್ನು ಅವರದಲ್ಲವೇ.

ನಮ್ಮ ಗೋಡೌನಿನ ನೆಲ ಚಪ್ಪಡಿ ಕಲ್ಲಿನದು. ಎರಡು ಚಪ್ಪಡಿಯ ನಡುವೆ ಇಲಿ ಆರಾಮಾಗಿ ಓಡಾಡುವಷ್ಟು ಸಂದು. ಬಾಗಿಲಿಗೆ ಮೊಣಕಾಲೆತ್ತರದ ಹೊಸ್ತಿಲು, ಮಳೆನೀರು ಒಳಗೆ ಬರಬಾರದೆಂದು ಹಿಂದಿನ ಕಾಲದವರು ಕಟ್ಟಿದ್ದು. ಗಾಡಿಯ ಮೇಲೆ ಒಂದು ಮೂಟೆ ರಾಗಿ ಇಟ್ಟರು. ಸಾಹೇಬರು ಸ್ಟಾಪ್‌ವಾಚು ಒತ್ತಿದರು. ಗಾಡಿ ಎರಡು ಮಾರು ಹೋಗಿ ಮುಂದಿನ ಚಕ್ರ ಸಂದಿಗೆ ಇಳಿಸಿಕೊಂಡು ಕೂತಿತು. ಇಬ್ಬರು ಎತ್ತಿದರು. ಮತ್ತೆರಡು ಮಾರು, ಮತ್ತೆ ಕೂತಿತು. ಹೀಗೆ ಹೊಸ್ತಿಲವರೆಗೆ ಬಂದಾಯಿತು. ಹೊಸ್ತಿಲು ದಾಟಿಸಲು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಮೂಟೆ ಸಮೇತ ಗಾಡಿಯನ್ನು ಎತ್ತಿ, "ಹುಷಾರು, ಚಕ್ರಕ್ಕೆ ಕಲ್ಲು ತಗಲ್ಸಬ್ಯಾಡ್ರಿ" ಅನ್ನುತ್ತಾ ಲಾರಿಯ ಹತ್ತಿರ ತಂದಿಳಿಸಿದರು. ಹೊಸ ಸಾಮಾನಲ್ಲವೇ, ಜೋಪಾನ.

ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಒಬ್ಬ ಹಮಾಲ ಬೆನ್ನ ಮೇಲೆ ಹೊತ್ತು ಮೂರು ಮೂಟೆ ಲಾರಿಗೆ ಹಾಕಿ ಬೀಡಿ ಹಚ್ಚಿದ್ದ.

ಮೇಸ್ತ್ರಿ ನನ್ನ ಕಿವಿಯ ಹತ್ತಿರ ಬಂದು, "ಸಾರ್, ಬರೀ ಮೂಟೆ ಆಗಿದ್ರೆ ಒಬ್ಬ ಸಾಕಿತ್ತು. ಗಾಡೀನೂ ಹೊರ್ಬೇಕು ಅಂದ್ರೆ ಜನ ಜಾಸ್ತಿ ಬೇಕಾಯ್ತದೆ" ಅಂದರು.

ಸಾಹೇಬರು ಎದೆಗುಂದುವವರಲ್ಲ. ಸಂಜೆ ನನ್ನ ಮೇಜಿನ ಮೇಲೇ ವರದಿ ಬರೆದರು: 'ಯಂತ್ರ ಬಂದರೆ ಕೂಲಿಕಾರರ ಕೆಲಸ ಹೋಗುತ್ತದೆಂಬ ಭಯ ಆಧಾರವಿಲ್ಲದ್ದು. ಹಿಂದೆ ಒಬ್ಬನಿಗೆ ಕೆಲಸ ಕೊಡುತ್ತಿದ್ದ ಮೂಟೆ ಈಗ ನಾಲ್ವರಿಗೆ ಕೊಡುತ್ತಿರುವುದನ್ನು ಕಡೂರಿನಲ್ಲಿ ಕಣ್ಣಾರೆ ಕಂಡಿದ್ದೇನೆ.'

೨. ಮೂಟೆಗೆ ವಿಳಾಸ

ಮುಂದಿನ ವರ್ಷ ಸಾಹೇಬರು ಯಂತ್ರ ತರಲಿಲ್ಲ, ಪದ್ಧತಿ ತಂದರು. ಒಂದು ಡಬ್ಬ ಬಿಳಿ ಬಣ್ಣ, ಅಕ್ಷರ ಕೊರೆದ ತಗಡು. ಗೋಡೌನಿನ ನೆಲವನ್ನೆಲ್ಲ ಚೌಕ ಚೌಕವಾಗಿ ಗೀಚಿ ಎ-ಒಂದು, ಎ-ಎರಡು, ಬಿ-ಒಂದು ಅಂತ ಬರೆಸಿದರು. ಪ್ರತಿ ಚೌಕದಲ್ಲೂ ಒಂದರ ಮೇಲೊಂದು ಪೇರಿಸಿದ ಒಂದು ಅಟ್ಟಿ ಮೂಟೆ. ರಸೀದಿಯಲ್ಲಿ ಚೌಕದ ನಂಬರು.

"ಇನ್ನು ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಸಿಸ್ಟಮ್ಮೇ ನೆನಪಿಟ್ಟುಕೊಳ್ಳುತ್ತೆ" ಅಂದರು. ಮೇಸ್ತ್ರಿಯ ಕಡೆ ನೋಡಿಯೇ ಅಂದರು.

ಎರಡು ತಿಂಗಳಾದ ಮೇಲೆ ಯಗಟಿ ಕಡೆಯ ರೈತರೊಬ್ಬರು ತಮ್ಮ ರಾಗಿ ಮೂಟೆ ಬಿಡಿಸಿಕೊಂಡು ಹೋಗಲು ಬಂದರು. ರಸೀದಿಯಲ್ಲಿ ಸಿ-ನಾಲ್ಕು ಅಂತಿತ್ತು. ಸಾಹೇಬರೂ ಅವತ್ತು ಇದ್ದರು. "ಬನ್ನಿ, ಎರಡು ನಿಮಿಷ" ಅಂತ ರೈತರನ್ನು ಕರೆದುಕೊಂಡು ಒಳಗೆ ನಡೆದರು. ಗೋಡೌನು ಕಿಕ್ಕಿರಿದು ತುಂಬಿತ್ತು. ಎಲ್ಲಿ ನೋಡಿದರೂ ಮೂಟೆ. ಸಿ-ನಾಲ್ಕು ಎಲ್ಲಿದೆ ಅಂತ ನೋಡಲು ನೆಲ ನೋಡಬೇಕು. ನೆಲ ಮೂಟೆಯ ಕೆಳಗಿತ್ತು.

ಸಾಹೇಬರು ಒಂದು ಅಟ್ಟಿ ತೆಗೆಸಿದರು. ಕೆಳಗೆ ಬಿ-ಎರಡು ಅಂತ ಬಂತು. ಪಕ್ಕದ್ದು ತೆಗೆಸಿದರು. ಅಲ್ಲಿ ಬಣ್ಣ ಉಜ್ಜಿಹೋಗಿ ಒಂದು ಗೀಟು ಮಾತ್ರ ಉಳಿದಿತ್ತು, ಅದು ಒಂದೂ ಆಗಬಹುದು, ನಾಲ್ಕೂ ಆಗಬಹುದು. ತೆಗೆದ ಮೂಟೆ ಇಡಲು ಜಾಗವಿಲ್ಲದೆ ಬೇರೆ ಚೌಕದಲ್ಲಿಟ್ಟರು. ಊಟದ ಹೊತ್ತಿಗೆ ಯಗಟಿಯವರ ಮೂಟೆ ಸಿಗದಿದ್ದದ್ದು ಹಾಗಿರಲಿ, ವಿಳಾಸ ಸರಿಯಾಗಿದ್ದ ಇನ್ನೂ ಐದಾರು ಜನರ ಮೂಟೆಗಳೂ ಕಾಣೆಯಾಗಿದ್ದವು.

ರೈತರು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಕೊನೇ ಬಸ್ಸಿಗಾದ್ರೂ ಹೊರಡಬೌದಾ ಸ್ವಾಮಿ?" ಅಂದರು.

ಆಗ ಮೇಸ್ತ್ರಿ ಅವರ ಎದುರು ಕೂತರು. "ಯಜಮಾನ್ರೇ, ಮೂಟೆ ತಂದ ದಿನ ನಿಮ್ಜೊತೆ ಒಬ್ರು ಕಾಲೆಳ್ಕೊಂಡು ಬಂದಿದ್ರಲ್ಲ, ನಿಮ್ ಬಾಮೈದ ಅಲ್ವಾ?"

"ಹೂಂ ಕಣಪ್ಪ. ಗಾಡಿಯಿಂದ ಬಿದ್ದಿದ್ದ."

"ಮೂಟೆ ಬಾಯಿ ಕೆಂಪು ದಾರದಲ್ಲಿ ಹೊಲಿದಿತ್ತು."

"ಹೂಂ. ನಮ್ಮನೆಯವ್ಳು ಹೊಲಿದಿದ್ದು."

"ಮೂರ್ನೇ ಕಿಟಕಿ ಕೆಳಗೈತೆ ಬನ್ನಿ."

ಅಲ್ಲೇ ಇತ್ತು. ಸಾಹೇಬರು ಸ್ವಲ್ಪ ಹೊತ್ತು ಬೆವರೊರೆಸಿಕೊಂಡು, ಕೊನೆಗೆ ನೋಟ್‌ಬುಕ್ಕು ತೆಗೆದು ಮೇಸ್ತ್ರಿಯನ್ನು ಕೇಳಿದರು. "ಇದನ್ನು ಪದ್ಧತಿಗೆ ಹೇಗೆ ಸೇರಿಸೋದು?"

"ಸಿ-ನಾಲ್ಕು ಅಂದ್ರೆ ಕೆಂಪು ದಾರ ಅಂತ ಬರ್ಕೊಳ್ಳಿ ಸಾರ್."

ನಾನು ರಿಜಿಸ್ಟರಿನಲ್ಲಿ ಹಾಗೇ ಬರೆದೆ. ಆ ವರ್ಷದ ಆಡಿಟ್ಟಿನಲ್ಲಿ ಒಂದೇ ಒಂದು ಆಕ್ಷೇಪಣೆ ಬಂತು: 'ಸಿ-ನಾಲ್ಕರಲ್ಲಿ ದಾಸ್ತಾನಿದ್ದ ಕೆಂಪು ದಾರ ಎಲ್ಲಿ ಹೋಯಿತು?'

೩. ತೇವ ನೋಡುವ ಯಂತ್ರ

ತರೀಕೆರೆಯ ಗೋಡೌನಿಗೆ ಭತ್ತ ಬರುತ್ತಿತ್ತು. ಭತ್ತ ಸರಿಯಾಗಿ ಒಣಗದೆ ಒಳಗೆ ಹೋದರೆ ಬೂಷ್ಟು ಹಿಡಿದು ಇಡೀ ಅಟ್ಟಿ ಹಾಳು. ಅಲ್ಲಿಯವರೆಗೆ ಇದನ್ನು ನೋಡುತ್ತಿದ್ದದ್ದು ಮೇಸ್ತ್ರಿಯ ಹಲ್ಲು. ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುವುದು, ಕಟ್ ಅಂದರೆ ಇಳಿಸುವುದು, ಮೆತ್ತಗಾದರೆ ಬಿಸಿಲಿಗೆ.

"ಇದು ವೈಜ್ಞಾನಿಕ ಅಲ್ಲ" ಅಂತ ಸಾಹೇಬರು ತೇವ ಅಳೆಯುವ ಮೀಟರು ತರಿಸಿದರು. ಡಬ್ಬಿಯೊಳಗೆ ಒಂದು ಮುಷ್ಟಿ ಕಾಳು ಹಾಕಿ ಗುಂಡಿ ಒತ್ತಿದರೆ ಮುಳ್ಳು ತೇವ ತೋರಿಸುತ್ತದೆ. ಜೊತೆಗಿದ್ದ ಇಂಗ್ಲಿಷ್ ಪುಸ್ತಕದ ಮೊದಲ ಸಾಲೇ, ಯಂತ್ರವನ್ನು ಒಣಗಿದ ಜಾಗದಲ್ಲಿಡಿ ಅಂತ. ತರೀಕೆರೆಯಲ್ಲಿ ಆಗ ಮಳೆ ಹಿಡಿದಿತ್ತು. ನಮ್ಮ ಆಫೀಸಿನಲ್ಲಿ ಒಣಗಿದ ಜಾಗ ಅಂದರೆ ನನ್ನ ಕುರ್ಚಿಯೊಂದೇ. ಯಂತ್ರವನ್ನು ಅದರ ಮೇಲಿಟ್ಟು ನಾನು ನಿಂತು ಕೆಲಸ ಮಾಡಿದೆ.

ಆದರೂ ಯಂತ್ರಕ್ಕೆ ಥಂಡಿ ಹೊಡೆಯಿತು. ಏನು ಹಾಕಿದರೂ ಒದ್ದೆ ಅನ್ನತೊಡಗಿತು. ಭತ್ತ ಹಾಕಿದರೂ ಒದ್ದೆ, ಹುರಿಗಡಲೆ ಹಾಕಿದರೂ ಒದ್ದೆ, ಏನೂ ಹಾಕದೆ ಗುಂಡಿ ಒತ್ತಿದರೂ ಒದ್ದೆ. ಬಿಸಿಲು ಬಿದ್ದ ದಿನ ಭತ್ತದ ಪಕ್ಕದಲ್ಲೇ ಯಂತ್ರವನ್ನೂ ಒಣಹಾಕಿದೆವು. ಅದು ಒಣಗಿದೆಯೋ ಇಲ್ಲವೋ ತಿಳಿಯುವ ಬಗೆ ಹೇಗೆ ಅಂತ ನಾನು ಹೆಡ್ಡಾಫೀಸಿಗೆ ಕಾಗದ ಬರೆದೆ. ಅವರು ಯೋಚನೆ ಮಾಡಿ ಇನ್ನೊಂದು ಮೀಟರು ಕಳಿಸಿದರು.

ಈಗ ಎರಡಾದವು. ಒಂದೇ ಭತ್ತಕ್ಕೆ ಒಂದು ಹದಿನಾಲ್ಕು ಪರ್ಸೆಂಟು ತೇವ ಅನ್ನುತ್ತದೆ, ಇನ್ನೊಂದು ಇಪ್ಪತ್ತು. ಮೇಸ್ತ್ರಿ ಕಡಿದು, "ಒಣಗೈತೆ, ಇಳಿಸ್ರಿ" ಅನ್ನುತ್ತಾರೆ. ಸಾಹೇಬರು ಮೂರರ ಸರಾಸರಿ ತೆಗೆಯಲು ಹೊರಟರು. ಹಲ್ಲಿಗೆ ಎಷ್ಟು ಪರ್ಸೆಂಟು ಹಾಕಬೇಕು ಅನ್ನುವಲ್ಲಿಗೆ ಲೆಕ್ಕ ನಿಂತಿತು. ಆಮೇಲೆ ಅವರು ಮೀಟರಿನ ತಂಟೆಗೆ ಹೋಗಲಿಲ್ಲ. ಲಾರಿ ಬಂದರೆ ಸುಮ್ಮನೆ ಮೇಸ್ತ್ರಿಯ ಬಾಯಿ ನೋಡುತ್ತಿದ್ದರು.

ಸುಗ್ಗಿಯ ನಡುವೆ ಒಂದು ಬೆಳಿಗ್ಗೆ ಮೇಸ್ತ್ರಿ ಕೆನ್ನೆ ಊದಿಸಿಕೊಂಡು ಬಂದರು. "ಸಾರ್, ಮಧ್ಯಾಹ್ನ ರಜ ಬೇಕು. ದವಡೆ ಹಲ್ಲು ಕೀಳಿಸ್ಬೇಕು."

ನನಗಿಂತ ಮೊದಲು ಸಾಹೇಬರೇ ಗಾಬರಿಯಾದರು. "ಸುಗ್ಗಿ ಮುಗಿಯೋವರೆಗೆ ತಡ್ಕೊಳ್ಳೋಕಾಗಲ್ವಾ ಮೇಸ್ತ್ರಿ? ಮಾತ್ರೆ ತಂದು ಕೊಡ್ತೀನಿ."

"ಆಗಲ್ಲ ಸಾರ್. ನೀರು ಕುಡಿಯೋಕೂ ಆಗ್ತಿಲ್ಲ."

ಸಾಹೇಬರು ಯೋಚಿಸಿದರು. "ಆ ಕಡೆ ದವಡೆ ಹಲ್ಲು ಚೆನ್ನಾಗಿದೆ ತಾನೇ? ಅದರಲ್ಲಿ ನೋಡಬಹುದಲ್ಲ?"

ಮೇಸ್ತ್ರಿ ಕೆನ್ನೆ ಹಿಡಿದುಕೊಂಡೇ ತಲೆಯಾಡಿಸಿದರು. "ಅದು ಕಡ್ಲೆಕಾಯಿಗೆ ಸಾರ್. ಭತ್ತಕ್ಕೆ ಇದೇ."

೪. ಹಲಗೆಗಳು

ಅಜ್ಜಂಪುರದ ಗೋಡೌನಿಗೆ ಒಂದು ದಿನ ಲಾರಿ ತುಂಬ ಮರದ ಹಲಗೆಗಳು ಬಂದವು. ಮಂಚದ ಅರ್ಧದಷ್ಟು ಅಗಲ, ಗಟ್ಟಿ ಪಟ್ಟಿ ಹೊಡೆದವು. ಇವುಗಳ ಮೇಲೆ ಮೂಟೆ ಜೋಡಿಸಬೇಕು, ಕಬ್ಬಿಣದ ಎರಡು ಕೈ ಇರುವ ಗಾಡಿ ಬಂದು ಹಲಗೆ ಸಮೇತ ಎತ್ತಿಕೊಂಡು ಹೋಗುತ್ತದೆ ಅಂತ ಸಾಹೇಬರು ವಿವರಿಸಿದರು. ಗಾಡಿ ಎಲ್ಲಿ ಅಂದೆ. ಹಿಂದೆ ಬರುತ್ತಿದೆ ಅಂದರು.

ಎರಡು ವರ್ಷವಾದರೂ ಅದು ಹಿಂದೆಯೇ ಬರುತ್ತಿತ್ತು. ಹಲಗೆಗಳು ಸುಮ್ಮನೆ ಬಿದ್ದಿದ್ದವು. ಮದುವೆ ಮನೆಯವರು ಅಡಿಗೆ ಪಾತ್ರೆ ಇಡಲು ಎರಡು ಕೇಳಿದರು, ಕೊಟ್ಟೆ. ಮಠಕ್ಕೆ ಸ್ವಾಮಿಗಳು ಬರುತ್ತಾರೆ ಅಂತ ನಾಲ್ಕು ಕೇಳಿದರು, ಇಲ್ಲವೆನ್ನಲಾಗುತ್ತದೆಯೇ. ಟೀ ಅಂಗಡಿಯವನು ಕೇಳಲೇ ಇಲ್ಲ. ಉಳಿದವನ್ನು ಶಾಲೆಯ ಹೆಡ್ಮಾಸ್ತರು ವಾರ್ಷಿಕೋತ್ಸವಕ್ಕೆಂದು ಒಯ್ದರು.

ಆ ವಾರ್ಷಿಕೋತ್ಸವಕ್ಕೆ ನಮ್ಮ ಸಾಹೇಬರೇ ಮುಖ್ಯ ಅತಿಥಿ. ದೇಶದ ಆಸ್ತಿಯನ್ನು ಕಾಪಾಡುವುದು ಮಕ್ಕಳ ಕರ್ತವ್ಯ ಎಂಬ ವಿಷಯ ತಯಾರು ಮಾಡಿಕೊಂಡು ಬಂದಿದ್ದರು. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು, ಮಾತು ಶುರುಮಾಡುವಾಗ ಯಾಕೋ ಕೆಳಗೆ ನೋಡಿದರು. ಜಮಖಾನೆ ಸರಿದಿದ್ದ ಕಡೆ, ಅವರ ಬೂಟಿನ ಪಕ್ಕದಲ್ಲಿ, ಹಲಗೆಯ ಮೇಲೆ ಅವರೇ ಬರೆಸಿದ್ದ ಬಿಳಿ ಅಕ್ಷರ: 'ಗೋಡೌನಿನ ಆಸ್ತಿ. ಹೊರಗೆ ಸಾಗಿಸಬಾರದು.'

ಅರ್ಧ ಗಂಟೆ ಭಾಷಣವನ್ನು ಐದು ನಿಮಿಷಕ್ಕೆ ಮುಗಿಸಿದರು. ಅಷ್ಟು ಹೊತ್ತೂ ನೆಲದಿಂದ ಕಣ್ಣು ಕೀಳಲಿಲ್ಲ. ಹೆಡ್ಮಾಸ್ತರು ವಂದನಾರ್ಪಣೆಯಲ್ಲಿ ಗದ್ಗದಿತರಾದರು: "ಇಷ್ಟು ದೊಡ್ಡ ಅಧಿಕಾರಿ, ಆದರೂ ಎಂಥ ವಿನಯ. ನಮ್ಮ ಮುಂದೆ ತಲೆ ಎತ್ತಿ ಮಾತಾಡಲಿಲ್ಲ."

೫. ಬೆಲ್ಟು

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ನಿಜವಾದ ಯಂತ್ರ ಬಂತು. ಅಜ್ಜಂಪುರಕ್ಕೇ. ಏಣಿಯಂತೆ ಓರೆಯಾಗಿ ನಿಂತ ಉದ್ದನೆಯ ಬೆಲ್ಟು. ಕೆಳಗಿನ ತುದಿಯಲ್ಲಿ ಮೂಟೆ ಇಟ್ಟು ಸ್ವಿಚ್ಚು ಹಾಕಿದರೆ ತಾನೇ ಮೇಲಕ್ಕೆ ಒಯ್ದು ಅಟ್ಟಿಯ ತುದಿಗೆ ಮುಟ್ಟಿಸುತ್ತದೆ. ಸಾಹೇಬರು ಅದರ ಸುತ್ತ ಮೂರು ಸಲ ಪ್ರದಕ್ಷಿಣೆ ಹಾಕಿದರು.

ಯಂತ್ರದ ಜೊತೆ ಒಂದು ಆರ್ಡರೂ ಬಂದಿತ್ತು. ಹೆಡ್ಡಾಫೀಸಿನ ದೊಡ್ಡ ಸಾಹೇಬರು ಬಂದು ಖುದ್ದಾಗಿ ನೋಡುತ್ತಾರೆ, ಯಂತ್ರ ಯಶಸ್ವಿಯಾದರೆ ಹಮಾಲರಲ್ಲಿ ಆರು ಜನರನ್ನು ಕೆಲಸದಿಂದ ತೆಗೆಯತಕ್ಕದ್ದು. ಅದನ್ನು ಮೇಸ್ತ್ರಿಗೆ ಓದಿ ಹೇಳಬೇಕಾದವನು ನಾನು. ಓದಿದೆ. ಅವರು ಹೆಗಲ ಮೇಲಿನ ಟವಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. "ಯಾವ ಆರು ಜನ ಅಂತ ಅವ್ರೇ ಬರ್ದವ್ರಾ, ನಾನು ಹೇಳ್ಬೇಕಾ?" ಅಂತ ಮಾತ್ರ ಕೇಳಿದರು.

ಮೇಸ್ತ್ರಿಯೇ ಹೆಸರು ಕೊಡಬೇಕು ಅಂತಿದ್ದ ಕೊನೆಯ ಸಾಲನ್ನು ಓದದೆ ನಾನು ಕಾಗದ ಮಡಿಸಿದೆ.

ದೊಡ್ಡ ಸಾಹೇಬರು ಬರುವ ದಿನ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಲೈನ್‌ಮನ್ನನ್ನು ಕೇಳಿದರೆ, "ಸಾಯಂಕಾಲ ಬರ್ತದೆ, ಬಂದ್ರೆ" ಅಂದ. ಜೀಪು ಬೀರೂರು ಬಿಟ್ಟಿದೆ ಅಂತ ಫೋನೂ ಬಂತು. ನಮ್ಮ ಸಾಹೇಬರು ಮೂಟೆಯ ಮೇಲೆ ಕುಸಿದು ಕೂತರು. ಹತ್ತು ವರ್ಷದಲ್ಲಿ ಅವರು ತಂದ ಒಂದೇ ಒಂದು ಯಂತ್ರವೂ ಓಡಿರಲಿಲ್ಲ. ಇದು ಕೊನೆಯ ಅವಕಾಶ, ಇದೂ ಓಡದಿದ್ದರೆ ಯಾವುದೋ ಮೂಲೆಗೆ ಎತ್ತಿ ಹಾಕುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಮೇಸ್ತ್ರಿ ಬೆಲ್ಟಿನ ಮೇಲೂ ಕೆಳಗೂ ಕಣ್ಣಾಡಿಸಿದರು. "ಸಾರ್, ಮೇಲಿನ ರೋಲರಿಗೆ ಎರಡು ಕಡೆ ಹಿಡಿ ಸಿಗಿಸಿದ್ರೆ ಕೈಯಲ್ಲೂ ತಿರುಗ್ತದೆ ಅಲ್ವಾ?"

ಸಾಹೇಬರು ತಲೆ ಎತ್ತಿದರು.

ಅರ್ಧ ಗಂಟೆಯಲ್ಲಿ ಕೆಲಸ ಆಯಿತು. ಕಮ್ಮಾರನ ಹತ್ತಿರ ಎರಡು ಹಿಡಿ ತಂದು ಸಿಗಿಸಿ, ಮೋಟರಿನ ಚೈನು ಕಳಚಿದರು. ಮುಂದುಗಡೆ ಆಳೆತ್ತರಕ್ಕೂ ಮೇಲೆ ಒಂದು ಸಾಲು ಮೂಟೆ ಗೋಡೆಯಂತೆ ಒಟ್ಟಿ, ಬೆಲ್ಟಿನ ಮೇಲಿನ ತುದಿ ಅದರ ಹಿಂದೆ ಹೋಗುವಂತೆ ಇಟ್ಟರು. ಹಿಂದೆ ಆರು ಜನ ಹಮಾಲರು. ನಾಲ್ವರು ತಿರುಗಿಸಲು, ಇಬ್ಬರು ಮೂಟೆ ಇಳಿಸಿಕೊಳ್ಳಲು.

ನಾನು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದೆ. "ಏನು ಮಾಡ್ತಿದೀರಿ ಗೊತ್ತಾ? ಯಂತ್ರ ಗೆದ್ದರೆ ಇದೇ ಆರು ಜನ ಮನೆಗೆ."

"ಗೊತ್ತು ಸಾರ್. ಆದ್ರೆ ಪಾಪ, ಈ ಮನುಷ್ಯ ಹತ್ತು ವರ್ಷದಿಂದ ಒಂದಾದ್ರೂ ಓಡ್ಲಿ ಅಂತ ಒದ್ದಾಡ್ತಾವ್ರೆ. ಒಂದ್ಸಲ ಓಡ್ಲಿ ಬಿಡಿ."

ದೊಡ್ಡ ಸಾಹೇಬರು ಬಂದರು. ನರೆತ ಕೂದಲು, ಕೈಯಲ್ಲಿ ಬೆತ್ತ, ಜಾಸ್ತಿ ಮಾತಿಲ್ಲ. ನಮ್ಮ ಸಾಹೇಬರು ನಮಸ್ಕಾರ ಮಾಡಿ ಸ್ವಿಚ್ಚು ಒತ್ತಿದರು. ಮೇಸ್ತ್ರಿ ಕೆಮ್ಮಿದರು. ಬೆಲ್ಟು ಹೊರಟಿತು.

ಒಂದೊಂದೇ ಮೂಟೆ ಗಂಭೀರವಾಗಿ ಮೇಲೆ ಹೋಗಿ ಗೋಡೆಯಾಚೆ ಮರೆಯಾಗುತ್ತಿತ್ತು. ದೊಡ್ಡ ಸಾಹೇಬರು ಬಹಳ ಹೊತ್ತು ನೋಡಿದರು. "ಶಬ್ದವೇ ಇಲ್ಲವಲ್ಲ" ಅಂದರು.

"ಹೊಸ ಮಾಡೆಲ್ ಸರ್" ಅಂದರು ನಮ್ಮ ಸಾಹೇಬರು.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಆ ಗೋಡೆಗೆ ಅವಸರದಲ್ಲಿ ಒಟ್ಟಿದ್ದದ್ದು ಒಣಮೆಣಸಿನಕಾಯಿ ಮೂಟೆ. ಬೆಲ್ಟು ಅದುರಿ ಘಾಟು ಎದ್ದಿತು. ಗೋಡೆಯಾಚೆಯಿಂದ ಒಂದು ಸೀನು ಬಂತು. ಬೆಲ್ಟು ಒಂದು ಕ್ಷಣ ಜಗ್ಗಿ ಮತ್ತೆ ಹೊರಟಿತು. ಆಮೇಲೆ ಸಾಲಾಗಿ ಮೂರು ಸೀನು, ಮೂರು ಜಗ್ಗು.

"ಅದೇನು?"

"ಬೆಲ್ಟು ಸ್ವಲ್ಪ ಬಿಗಿ ಮಾಡಬೇಕು ಸರ್."

ನಾಲ್ಕನೇ ಸೀನಿನ ಹಿಂದೆ ಬೆಲ್ಟು "ಅಯ್ಯಪ್ಪಾ" ಅಂದಿತು.

ದೊಡ್ಡ ಸಾಹೇಬರು ನಡೆದು ಹೋಗಿ ತಾವೇ ಸ್ವಿಚ್ಚು ಆರಿಸಿದರು. ಬೆಲ್ಟು ಓಡುತ್ತಲೇ ಇತ್ತು. ಸ್ವಿಚ್ಚು ನೋಡಿದರು, ಬೆಲ್ಟು ನೋಡಿದರು. ಇನ್ನೊಂದು ಸಲ ಹಾಕಿ ಆರಿಸಿದರು. ಬೆಲ್ಟಿಗೆ ಅದರ ಪರಿವೆಯೇ ಇಲ್ಲ, ಖಾಲಿ ಬೆಲ್ಟು ನಿಷ್ಠೆಯಿಂದ ಮೇಲೆ ಹೋಗುತ್ತಿತ್ತು. ನಮ್ಮ ಸಾಹೇಬರ ಮುಖ ಸುಣ್ಣದಂತಾಗಿತ್ತು.

ಆಗ ಮೇಸ್ತ್ರಿ ಮುಂದೆ ಬಂದು, ಗೋಡೆಯ ಕಡೆ ಮುಖ ಮಾಡಿ, ಜೋರಾಗೇನೂ ಅಲ್ಲ, "ಸಾಕು ಬಿಡ್ರಪ್ಪ" ಅಂದರು.

ಬೆಲ್ಟು ನಿಂತಿತು.

ದೊಡ್ಡ ಸಾಹೇಬರು ಬೆತ್ತ ಊರಿಕೊಂಡು ಗೋಡೆಯ ಹಿಂದೆ ಹೋದರು. ಅಲ್ಲಿ ಆರು ಜನ ಕಣ್ಣು ಮೂಗು ಒರೆಸಿಕೊಳ್ಳುತ್ತಾ ನಿಂತಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ ವಾಪಸು ಬಂದರು. ಜೀಪು ಹತ್ತುವಾಗ ನನ್ನನ್ನು ಕರೆದು, "ಯಂತ್ರಕ್ಕೆ ಟೀ ತರಿಸಿ. ಆರು ಲೋಟ" ಅಂದರು.

ಹದಿನೈದು ದಿನಕ್ಕೆ ಆರ್ಡರು ಬಂತು. ನಮ್ಮ ಸಾಹೇಬರೂ ಹಮಾಲರೂ ಸುತ್ತ ನಿಂತಿರುವಾಗ ನಾನು ಓದಿದೆ: 'ಸದರಿ ಯಂತ್ರವು ತೃಪ್ತಿಕರವಾಗಿ ಕೆಲಸ ಮಾಡುತ್ತಿದ್ದು, ವಿದ್ಯುತ್ತನ್ನು ಸ್ವಲ್ಪವೂ ಬಳಸುವುದಿಲ್ಲ. ಯಂತ್ರವನ್ನು ತಂದ ಎಂಜಿನಿಯರರನ್ನು ಶ್ಲಾಘಿಸಲಾಗಿದೆ. ಆರು ಮಂದಿ ಹಮಾಲರು ಯಂತ್ರದ ಅವಿಭಾಜ್ಯ ಭಾಗವೆಂದು ಖುದ್ದು ಪರಿಶೀಲನೆಯಲ್ಲಿ ಕಂಡುಬಂದಿರುವುದರಿಂದ ಅವರನ್ನು ಕೆಲಸದಿಂದ ತೆಗೆಯತಕ್ಕದ್ದಲ್ಲ.'

ಹಮಾಲರು ಒಬ್ಬರ ಬೆನ್ನ ಮೇಲೆ ಒಬ್ಬರು ತಟ್ಟಿಕೊಂಡರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮೇಸ್ತ್ರಿ ಮಾತ್ರ ಏನೋ ಲೆಕ್ಕ ಹಾಕುತ್ತಾ ನಿಂತಿದ್ದರು.

"ಯಾಕೆ ಮೇಸ್ತ್ರಿ, ಖುಷಿಯಾಗಲಿಲ್ವಾ?" ಅಂದೆ.

"ಆಯ್ತು ಸಾರ್. ಆದ್ರೆ ಆರೇ ಜನ ಅಂತ ಬರ್ದವ್ರಲ್ಲ," ಅಂದರು. "ಸ್ವಿಚ್ಚನ್ನ ಬಿಟ್ಬಿಟ್ಟವ್ರೆ."